ಅಪ್‌ಡೇಟ್: ಕನ್ನಡದಲ್ಲಿ ಸ್ಟ್ರೂಪ್ ಪ್ರಯೋಗ ಮುಗಿಯಿತು

ಹಿಂದೆ ಕೇಳಿದ್ದೆ, ನೆನಪಿದೆಯಾ? ಮಂಗಳೂರಿನಲ್ಲಿ ಬಿ.ಎ. ಸೈಕಾಲಜಿ ಓದುತ್ತಿದ್ದೇನೆ, ಬಣ್ಣದ ಹೆಸರುಗಳ ಪ್ರಯೋಗ ಮಾಡಬೇಕು. ಆದರೆ ಕ್ಲಾಸಿನಲ್ಲಿ ಜಾಸ್ತಿ ಜನರ ಮನೆಮಾತು ತುಳು, ಕೊಂಕಣಿ ಅಥವಾ ಬ್ಯಾರಿ. ಅವರನ್ನು ಬಿಡಬೇಕಾ ಅಂತ.

ಬಿಡಬೇಡ ಅಂದಿರಿ. ಬಿಡಲಿಲ್ಲ. ಥ್ಯಾಂಕ್ಸ್!

ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟ್ರೂಪ್ 1935ರಲ್ಲಿ ಮಾಡಿದ ಹಾಗೆಯೇ ಎರಡು ಹಾಳೆ ಇಟ್ಟೆ. ಒಂದರಲ್ಲಿ ಬರೀ ಬಣ್ಣದ ಚೌಕಗಳು. ಇನ್ನೊಂದರಲ್ಲಿ 'ಕೆಂಪು' ಅಂತ ನೀಲಿ ಶಾಯಿಯಲ್ಲಿ, 'ಹಳದಿ' ಅಂತ ಹಸಿರಿನಲ್ಲಿ. ಪದ ಓದಬಾರದು, ಶಾಯಿಯ ಬಣ್ಣ ಹೇಳಬೇಕು. ಪದದ ಅರ್ಥ ಅಡ್ಡಬಂದು ಬಣ್ಣ ಹೇಳಲು ಎಷ್ಟು ತಡವಾಗುತ್ತದೆ ಅಂತ ನೋಡುವುದು. ಸ್ಟ್ರೂಪ್ ಅವರ ಪ್ರಯೋಗದಲ್ಲಿ 100 ಚೌಕಕ್ಕೆ ಸರಾಸರಿ 63 ಸೆಕೆಂಡ್, 100 ಪದಕ್ಕೆ 110. ನನ್ನ ಹಾಳೆಗಳು ಚಿಕ್ಕವು, ಆದರೂ ಪದದ ಹಾಳೆಯಲ್ಲಿ ಎಲ್ಲರೂ ತಡವರಿಸಿದರು.

ಅರ್ಧ ಜನಕ್ಕೆ ಚೌಕ ಮೊದಲು, ಉಳಿದವರಿಗೆ ಪದ ಮೊದಲು ಕೊಟ್ಟೆ. ಇಲ್ಲದಿದ್ದರೆ ಎರಡನೇ ಹಾಳೆಗೆ ಕೈ ಪಳಗಿರುತ್ತದೆ, ಅಲ್ವಾ? ಬಣ್ಣಗುರುಡು ಇದೆಯಾ ಅಂತ ಇಶಿಹಾರಾ ಚಿತ್ರಗಳಲ್ಲಿ (ಬಣ್ಣದ ಚುಕ್ಕೆಗಳ ನಡುವೆ ಅಂಕಿ ಗುರುತಿಸುವ ಪರೀಕ್ಷೆ) ಮೊದಲೇ ನೋಡಿದ್ದೆ.

ಟ್ರಯಲ್‌ನಲ್ಲಿ ಒಬ್ಬಳು ಹಸಿರಿಗೆ 'ಪಚ್ಚೆ' ಅಂದುಬಿಟ್ಟಳು. ಅದು ತಪ್ಪಾ, ಸರಿಯಾ? ಬಣ್ಣ ಸರಿ ಇದ್ದರೆ ಯಾವ ಭಾಷೆಯಾದರೂ ಸರಿ ಅಂತ ಡೇಟಾ ತೆಗೆಯುವ ಮುಂಚೆಯೇ ಬರೆದಿಟ್ಟೆ. ಆಮೇಲೆ ನಿಯಮ ಮಾಡಿದರೆ ನಮಗೆ ಬೇಕಾದ ಹಾಗೆ ಅಂಕ ಬೀಳುತ್ತದೆ.

ವೈವಾದಲ್ಲಿ ಮೇಡಂ ಹಿಡಿದದ್ದು ಒಂದೇ ಕಡೆ: "ತುಳು ಮನೆಯವರಿಗೆ ಕನ್ನಡ ಪದದ ಅಡ್ಡಿ ಕಡಿಮೆ ಅಂತ ಹೇಳ್ತೀಯಾ?" ಇಲ್ಲ ಅಂದೆ. ಮನೆಮಾತನ್ನು ಚೀಟಿ ಎತ್ತಿ ಹಂಚಲಿಕ್ಕೆ ಆಗುವುದಿಲ್ಲವಲ್ಲ. ವ್ಯತ್ಯಾಸ ಕಂಡರೂ ಕಾರಣ ಶಾಲೆಯ ಮಾಧ್ಯಮವೇ ಇರಬಹುದು. ಅದಕ್ಕೆ ಆ ಹೋಲಿಕೆಯನ್ನು ರಿಪೋರ್ಟ್‌ನಲ್ಲಿ ಸುಮ್ನೆ ಒಂದು ಪ್ಯಾರಾಕ್ಕೆ ಇಳಿಸಿದ್ದೇನೆ.