ಪಿಯು ಕಾಂಬಿನೇಷನ್ ಮತ್ತು ಅಮೆರಿಕದ ಕಾಲೇಜು ತಂಡ: 58 ಪರ್ಸೆಂಟ್ ಸಾಕಾಗುತ್ತದಾ?

ಪ್ರಶ್ನೆ (ಈಜುಗಾರ್ತಿಯ ತಾಯಿ, ಮೈಸೂರು): ನಮಸ್ತೆ ಮೇಡಂ. ಮಗಳು ಹೋದ ವಾರ ತಾನೇ ಪ್ರಥಮ ಪಿಯು ಸೇರಿದ್ದಾಳೆ. ಕಾಮರ್ಸ್, ಎಚ್‌ಇಬಿಎ (ಇತಿಹಾಸ, ಅರ್ಥಶಾಸ್ತ್ರ, ಬಿಸಿನೆಸ್ ಸ್ಟಡೀಸ್, ಅಕೌಂಟೆನ್ಸಿ). ಬೆಳಗ್ಗೆ ಪ್ರಾಕ್ಟೀಸ್ ಇರುವುದರಿಂದ ಲೆಕ್ಕ ಬೇಡ ಅಂತ ನಾವೇ ಬಿಡಿಸಿದೆವು. ಈಗ ಅಮೆರಿಕದ ಡಿವಿಷನ್ 1 (ಅಲ್ಲಿನ ಕಾಲೇಜು ಕ್ರೀಡೆಯ ಅತಿ ಮೇಲಿನ ಹಂತ) ಕಾಲೇಜಿನ ಕೋಚ್ ಒಬ್ಬರು ಅಂಕಪಟ್ಟಿ ಕೇಳಿದ್ದಾರೆ. 2.3 ಜಿಪಿಎ (4ಕ್ಕೆ ಎಷ್ಟು ಅಂತ ನೋಡುವ ಸರಾಸರಿ ಅಂಕ) ಬೇಕಂತೆ. ಅವಳಿಗೆ ಒಂಬತ್ತರಲ್ಲಿ 58 ಪರ್ಸೆಂಟ್, ಎಸ್ಸೆಸ್ಸೆಲ್ಸಿಯಲ್ಲಿ 71. 58 ಅಂದರೆ ಅಲ್ಲಿ ಫೇಲ್ ಅಂತ ಯಾರೋ ಹೇಳಿದರು. ನಿದ್ದೆ ಬರುತ್ತಿಲ್ಲ.

ಉತ್ತರ (ಕ್ರೀಡಾ ವಿದ್ಯಾರ್ಥಿಗಳ ಸಲಹೆಗಾರ್ತಿ, ಬೆಂಗಳೂರು): ಮೊದಲು ನಿದ್ದೆ ಮಾಡಿ ಅಮ್ಮ. ಅಂಕದ ಬಗ್ಗೆ ಗಾಬರಿ ಬೇಡ. ನಮ್ಮ ಪರ್ಸೆಂಟನ್ನು ಎನ್‌ಸಿಎಎ (ಅಲ್ಲಿನ ಕಾಲೇಜು ಕ್ರೀಡೆಯನ್ನು ನಡೆಸುವ ಸಂಸ್ಥೆ) ಅಮೆರಿಕದ ಪರ್ಸೆಂಟ್ ಅಂತ ಓದುವುದಿಲ್ಲ. ಒಂದೊಂದು ದೇಶಕ್ಕೂ ಬೇರೆ ಅಳತೆ ಇಟ್ಟಿದ್ದಾರೆ, ಭಾರತಕ್ಕೂ ಇದೆ. ಅಲ್ಲಿನ ಶಾಲೆಯಲ್ಲಿ 58ಕ್ಕೆ ಏನು ಅರ್ಥವೋ ಅದು ಇಲ್ಲಿಗೆ ಅನ್ವಯಿಸಲ್ಲ.

ನನಗೆ ಚಿಂತೆ ಆಗಿದ್ದು ಎಚ್‌ಇಬಿಎ ಅಂತ ಓದಿದಾಗ. ಡಿವಿಷನ್ 1ಕ್ಕೆ 16 ಕೋರ್ ಕೋರ್ಸ್, ಅಂದರೆ ಅರ್ಹತೆಗೆ ಎಣಿಸುವ ಮುಖ್ಯ ವಿಷಯಗಳು ಬೇಕು. ಒಂದು ವಿಷಯವನ್ನು ಒಂದು ವರ್ಷ ಓದಿದರೆ ಒಂದು. ಎಣಿಕೆ ಶುರುವಾಗುವುದೇ ಒಂಬತ್ತನೇ ತರಗತಿಯಿಂದ. ಇಂಗ್ಲಿಷ್ 4, ಗಣಿತ 3, ವಿಜ್ಞಾನ 2, ಈ ಮೂರರಲ್ಲೇ ಇನ್ನೊಂದು ಹೆಚ್ಚುವರಿ, ಸಮಾಜ ವಿಜ್ಞಾನ 2, ಉಳಿದ 4ಕ್ಕೆ ಇವೇ ವಿಷಯಗಳು ಅಥವಾ ಬೇರೆ ಭಾಷೆ. ಜಿಪಿಎ ನೋಡುವುದೂ ಈ ಕೋರ್ಸ್‌ಗಳಲ್ಲಿ ಮಾತ್ರ.

ನಿಮ್ಮ ಮಗಳದ್ದು ಎಣಿಸೋಣ. ಇಂಗ್ಲಿಷ್ ನಾಲ್ಕೂ ವರ್ಷ ಇದೆ. ವಿಜ್ಞಾನ, ಸಮಾಜ ಹೈಸ್ಕೂಲಿನಲ್ಲೇ ಮುಗಿದಿವೆ. ಇತಿಹಾಸ, ಅರ್ಥಶಾಸ್ತ್ರದಿಂದ ಉಳಿದ ನಾಲ್ಕು ತುಂಬುತ್ತವೆ. ಅಕೌಂಟೆನ್ಸಿ, ಬಿಸಿನೆಸ್ ಸ್ಟಡೀಸ್ ಸಾಮಾನ್ಯವಾಗಿ ಲೆಕ್ಕಕ್ಕೆ ಬರಲ್ಲ. ಗಣಿತ ಮಾತ್ರ ಎರಡೇ ವರ್ಷ. ಅಂದರೆ ಮೂರನೇ ಗಣಿತವೂ ಇಲ್ಲ, ಆ ಹೆಚ್ಚುವರಿಯೂ ಇಲ್ಲ. 14ಕ್ಕೆ ನಿಲ್ಲುತ್ತದೆ.

ಇತಿಹಾಸದ ಬದಲು ಸ್ಟ್ಯಾಟಿಸ್ಟಿಕ್ಸ್ ಇರುವ ಎಸ್‌ಇಬಿಎಗೆ ಬದಲಾಯಿಸಿದರೆ ಎರಡು ವರ್ಷದ ಸ್ಟ್ಯಾಟಿಸ್ಟಿಕ್ಸ್ ಗಣಿತದ ಖಾತೆಗೆ ಸೇರಿ ಆ ಎರಡೂ ತುಂಬುತ್ತವೆ. ಇತಿಹಾಸ ಹೋದರೂ ಎರಡನೇ ಭಾಷೆ ಆ ಜಾಗಕ್ಕೆ ಬರುತ್ತದೆ. ಗಣಿತ ಇರುವ ಎಂಇಬಿಎ ಆದರೂ ಸರಿ. ಕೊನೆಯ ತೀರ್ಮಾನ ಅರ್ಹತೆ ಪರಿಶೀಲಿಸುವ ಎನ್‌ಸಿಎಎ ಎಲಿಜಿಬಿಲಿಟಿ ಸೆಂಟರ್‌ನದ್ದು. ಆದರೆ ನಾಳೆ ಬೆಳಗ್ಗೆಯೇ ಪ್ರಿನ್ಸಿಪಾಲರನ್ನು ನೋಡಿ. ಪಾಠ ಮುಂದೆ ಹೋದ ಮೇಲೆ ಯಾರೂ ಬದಲಾಯಿಸಿ ಕೊಡಲ್ಲ.

ಎಸ್‌ಎಟಿ (ಅಮೆರಿಕದ ಕಾಲೇಜು ಪ್ರವೇಶ ಪರೀಕ್ಷೆ) ಬೇಕಾ ಅಂತ ಮುಂದೆ ಕೇಳುತ್ತೀರಿ. ಎನ್‌ಸಿಎಎ ಅರ್ಹತೆಗೆ 2023ರ ಜನವರಿಯಲ್ಲೇ ಅದನ್ನು ತೆಗೆದಿದ್ದಾರೆ. ಕಾಲೇಜು ತನ್ನ ಅಡ್ಮಿಷನ್‌ಗೆ ಕೇಳಬಹುದು, ಅದು ಬೇರೆ ಮಾತು.

ಪ್ರಶ್ನೆ (ಓಟಗಾರನ ತಂದೆ, ಹುಬ್ಬಳ್ಳಿ): ಮೇಡಂ, ಮಗ ಹೈಸ್ಕೂಲು ಕನ್ನಡ ಮೀಡಿಯಂ. ಒಂಬತ್ತರ ಮಾರ್ಕ್ಸ್ ಕಾರ್ಡ್ ಕಳೆದುಹೋಗಿದೆ. ಎಸ್ಸೆಸ್ಸೆಲ್ಸಿದು ಇದ್ದರೆ ಸಾಕಲ್ವಾ?

ಉತ್ತರ: ಸಾಕಾಗಲ್ಲ ಸರ್. ಒಂಬತ್ತರಿಂದ ದ್ವಿತೀಯ ಪಿಯುವರೆಗೆ ಪ್ರತಿ ವರ್ಷದ್ದೂ ಬೇಕು. ನಮ್ಮಲ್ಲಿ ಒಂಬತ್ತು ಮತ್ತು ಪ್ರಥಮ ಪಿಯು ಅಂಕಕ್ಕೆ ಯಾರೂ ಬೆಲೆ ಕೊಡಲ್ಲ. ಅಲ್ಲಿ ನಾಲ್ಕು ವರ್ಷಕ್ಕೂ ಒಂದೇ ತೂಕ. ಹಳೇ ಶಾಲೆಗೆ ಹೋಗಿ, ಅಂಕದ ರಿಜಿಸ್ಟರ್ ತೆಗೆಸಿ. ಮುಖ್ಯೋಪಾಧ್ಯಾಯರ ಸಹಿ, ಸೀಲು ಹಾಕಿಸಿ ಇನ್ನೊಂದು ಪ್ರತಿ ಪಡೆಯಿರಿ.

ಕನ್ನಡದಲ್ಲಿ ಇರುವುದಕ್ಕೆ ದೃಢೀಕರಿಸಿದ ಅನುವಾದ ಬೇಕು, ಸಾಲಿಗೆ ಸಾಲು. ಇಲ್ಲೊಂದು ಎಚ್ಚರಿಕೆ. ನನ್ನ ಹತ್ತಿರ ಬಂದ ಒಬ್ಬ ಹುಡುಗನ ಅನುವಾದದಲ್ಲಿ ಅನುವಾದಕರು ಒಳ್ಳೇದಾಗಲಿ ಅಂತ 62 ಇದ್ದ ಕಡೆ ‘ಬಿ’ ಅಂತ ಹಾಕಿದ್ದರು. ಮೂಲದಲ್ಲಿ 62, ಅನುವಾದದಲ್ಲಿ ಅಕ್ಷರ. ಎಲ್ಲವನ್ನೂ ಮತ್ತೆ ಮಾಡಿಸಬೇಕಾಯಿತು. ಆ ಆರು ವಾರ ಹುಡುಗ ದಿನಾ ಫೋನ್ ಮಾಡುತ್ತಿದ್ದ, ನನಗೂ ಹೇಳಲು ಏನೂ ಇರಲಿಲ್ಲ. ಅಂಕ ಹೇಗಿದೆಯೋ ಹಾಗೇ ಇರಲಿ. ಪರಿವರ್ತನೆ ಅವರ ಕೆಲಸ.

ಪ್ರಶ್ನೆ (ಅದೇ ತಂದೆ): ಪಿಯು ಆದ ಮೇಲೆ ಒಂದು ವರ್ಷ ಬಿಟ್ಟು, ಕಡಿಮೆ ಬಿದ್ದ ವಿಷಯ ಓದಿಸಬಹುದಾ?

ಉತ್ತರ: ಡಿವಿಷನ್ 1ರಲ್ಲಿ ಒಂಬತ್ತರಿಂದ ನಾಲ್ಕೇ ವರ್ಷ. ಸಮಯಕ್ಕೆ ಸರಿಯಾಗಿ ಪಾಸಾಗಿದ್ದರೆ ಆಮೇಲೆ ಒಂದೇ ಒಂದು ಕೋರ್ಸ್ ಸೇರಿಸಬಹುದು. ಡಿವಿಷನ್ 2ರಲ್ಲಿ ಕಾಲೇಜು ಸೇರುವ ಮುಂಚೆ ಯಾವಾಗ ಮುಗಿಸಿದರೂ ನಡೆಯುತ್ತದೆ, ಜಿಪಿಎ 2.2 ಸಾಕು, ಸ್ಕಾಲರ್‌ಶಿಪ್ ಕೂಡ ಇದೆ. ಅದನ್ನು ಕೀಳಾಗಿ ನೋಡಬೇಡಿ. ಡಿವಿಷನ್ 3ರಲ್ಲಿ ಕ್ರೀಡಾ ಸ್ಕಾಲರ್‌ಶಿಪ್ ಇಲ್ಲ.

ನಮ್ಮ ಮಕ್ಕಳಿಂದ ಆಗುತ್ತಾ ಅನ್ನುವ ಅನುಮಾನ ಮಾತ್ರ ಬೇಡ ಸರ್. ತೇಜಸ್ವಿನ್ ಶಂಕರ್ ದೆಹಲಿಯ ಹುಡುಗ. ಕಾನ್ಸಾಸ್ ಸ್ಟೇಟ್ ಯೂನಿವರ್ಸಿಟಿ ಪರವಾಗಿ 2018 ಮತ್ತು 2022ರಲ್ಲಿ ಹೈಜಂಪ್‌ನಲ್ಲಿ ಎನ್‌ಸಿಎಎ ಚಾಂಪಿಯನ್ ಆದರು. ಆ ಮಟ್ಟಕ್ಕೆ ಓಡುವ ಹುಡುಗ ಒಂದು ಅಂಕಪಟ್ಟಿ ಸಿಗದೆ ಇಲ್ಲೇ ಉಳಿದರೆ ನನ್ನ ಹೊಟ್ಟೆ ಉರಿಯುತ್ತದೆ.

ತಾಯಿ, ಮೈಸೂರು: ಮೇಡಂ, ಪ್ರಿನ್ಸಿಪಾಲರು ಒಪ್ಪಿದರು! ಸೋಮವಾರದಿಂದ ಎಸ್‌ಇಬಿಎ. ಮಗಳು ಸ್ಟ್ಯಾಟಿಸ್ಟಿಕ್ಸ್ ಪುಸ್ತಕ ತಂದು ಈಜಿನ ಬ್ಯಾಗಿನಲ್ಲೇ ಇಟ್ಟುಕೊಂಡಿದ್ದಾಳೆ.

ಉತ್ತರ: ತುಂಬಾ ಖುಷಿಯಾಯಿತು ಅಮ್ಮ. ಒಂಬತ್ತನೇ ತರಗತಿಯ ಅಂಕಪಟ್ಟಿ ಈಗಲೇ ಹುಡುಕಿ ಇಡಿ.