ಘಾಟಿ ಹತ್ತಿದಾಗ ಮಾತ್ರ ಕಡಿಮೆಯಾಗುವ ಕೂಲೆಂಟ್

ಪ್ರಶ್ನೆ (ಬದಿಯಡ್ಕದಿಂದ)

ಹಿಂದಿನ ಸೀಟುಗಳನ್ನು ತೆಗೆಸಿ, ಮಲಗುವ ಹಲಗೆಯನ್ನೂ ಸಣ್ಣ ಅಡುಗೆ ಕಟ್ಟೆಯನ್ನೂ ಹಾಕಿಸಿಕೊಂಡ ಹಳೆಯ ಡೀಸೆಲ್ ವ್ಯಾನೊಂದು ನಮ್ಮಲ್ಲಿದೆ. ಕುಂಬಳೆ, ಮಂಜೇಶ್ವರದ ಕಡೆ ಹೆದ್ದಾರಿಯಲ್ಲಿ ಓಡಿಸಿದಾಗ ಯಾವ ತೊಂದರೆಯೂ ಇಲ್ಲ. ಪಾಣತ್ತೂರಿನಿಂದ ಕರಿಕೆಯ ಮೂಲಕ ಭಾಗಮಂಡಲಕ್ಕೆ ಹತ್ತಿ ಮರಳಿದ ಮೇಲೆ ಮಾತ್ರ ರೇಡಿಯೇಟರಿನಲ್ಲಿ ಸುಮಾರು ಅರ್ಧ ಲೀಟರ್ ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಕಡಿಮೆಯಾಗಿರುತ್ತದೆ. ನಿಲ್ಲಿಸಿದ ಜಾಗದಲ್ಲಿ ಒಂದು ತೊಟ್ಟೂ ಬಿದ್ದಿರುವುದಿಲ್ಲ. ಎಂಜಿನ್ ಆಯಿಲ್ ತುಂಬುವ ಮುಚ್ಚಳದ ಒಳಗೆ ಹಾಲಿನಂಥ ನೊರೆ ಕಂಡ ಗ್ಯಾರೇಜಿನವರು, ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನ ಕೆಳಗೆ ಅನಿಲ, ಎಣ್ಣೆ, ಕೂಲೆಂಟ್ ಬೆರೆಯದಂತೆ ತಡೆಯುವ ಪದರ) ಹೋಗಿದೆ, ಹೆಡ್ ಬಿಚ್ಚಲೇಬೇಕು ಎನ್ನುತ್ತಾರೆ. ಅಷ್ಟು ಖರ್ಚಿಗೆ ಕೈಹಾಕುವ ಮೊದಲು ಬೇರೆ ಏನನ್ನು ಪರೀಕ್ಷಿಸಬಹುದೆಂದು ತಿಳಿದವರು ತಿಳಿಸಬೇಕಾಗಿ ವಿನಂತಿ.

ಉತ್ತರ (ಉಪ್ಪಳದಿಂದ)

ನಮ್ಮ ಊರಿನ ಮಳೆಗಾಲದಲ್ಲಿ, ಸಮೀಪದ ಪೇಟೆಗೆ ಮಾತ್ರ ಹೋಗಿಬರುವ ವ್ಯಾನಿನ ಮುಚ್ಚಳದಲ್ಲಿ ಅಂಥ ನೊರೆ ಕಟ್ಟುವುದು ಸಾಮಾನ್ಯ. ಗಾಳಿಯ ತೇವವೇ ಅದಕ್ಕೆ ಸಾಕು. ಡಿಪ್‌ಸ್ಟಿಕ್ಕಿನ (ಎಣ್ಣೆಯ ಮಟ್ಟ ನೋಡುವ ಕಡ್ಡಿಯ) ಎಣ್ಣೆಯೂ ಬೆಳ್ಳಗಾಗಿದ್ದರೆ ಮಾತ್ರ ಚಿಂತಿಸಬೇಕು.

ಉತ್ತರ (ಮುಳ್ಳೇರಿಯದಿಂದ)

ರೇಡಿಯೇಟರಿನಲ್ಲಿ ಕಡಿಮೆ ಎಂದಿದ್ದೀರಿ, ಪಕ್ಕದ ಬಾಟಲಿಯಲ್ಲಿ ಎಷ್ಟಿರುತ್ತದೆ ಎಂದು ಹೇಳಿಲ್ಲ. ನನ್ನ ಮಟ್ಟಿಗೆ ಅದೇ ಮೊದಲ ಪ್ರಶ್ನೆ. 10 ಲೀಟರ್ ಕೂಲೆಂಟ್ ಚೆನ್ನಾಗಿ ಕಾದಾಗ ಅರ್ಧ ಲೀಟರಿಗೆ ಹತ್ತಿರದಷ್ಟು ಹಿಗ್ಗುತ್ತದೆ. ಒತ್ತಡ ಸುಮಾರು 0.9 ಬಾರ್ ತಲುಪಿದಾಗ ರೇಡಿಯೇಟರಿನ ಕ್ಯಾಪಿನ ಸ್ಪ್ರಿಂಗ್ ಎದ್ದು ಹೆಚ್ಚಾದದ್ದನ್ನು ಬಾಟಲಿಗೆ ಬಿಡುತ್ತದೆ, ಎಂಜಿನ್ ತಣಿಯುವಾಗ ಅದೇ ಕ್ಯಾಪಿನ ನಡುವಿನ ಸಣ್ಣ ವಾಲ್ವ್ ತೆರೆದು ಅದನ್ನು ಮರಳಿ ಎಳೆದುಕೊಳ್ಳುತ್ತದೆ. ಆ ವಾಲ್ವ್ ಅಂಟಿಕೊಂಡರೆ ಹೋದದ್ದು ಹಿಂದಿರುಗುವುದಿಲ್ಲ, ನೆಲಕ್ಕೂ ಬೀಳುವುದಿಲ್ಲ.

ಬಾಟಲಿಯಲ್ಲೂ ಇಲ್ಲವಾದರೆ ಸೋರಿಕೆಯನ್ನು ಹುಡುಕಬೇಕು. ತಣ್ಣಗಿರುವಾಗ ಕ್ಯಾಪಿನ ಜಾಗಕ್ಕೆ ಕೈಪಂಪ್ ಕೂರಿಸಿ, ಕ್ಯಾಪಿನ ಮೇಲೆ ಬರೆದಿರುವಷ್ಟೇ ಒತ್ತಡ ಕೊಟ್ಟು, ಮುಳ್ಳು ಇಳಿಯುತ್ತದೆಯೇ ಎಂದು ಕಾಲು ಗಂಟೆ ಗಮನಿಸಿ. ಬಿಸಿ ಎಂಜಿನ್ನಿನ ಮೇಲೆ ಸೋರಿದ್ದು ಆವಿಯಾಗಿ ಬಣ್ಣದ ಒಣ ಕಲೆಯನ್ನಷ್ಟೇ ಬಿಡುವುದರಿಂದ, ವಾಟರ್ ಪಂಪಿನ ಕೆಳಗಿನ ಸಣ್ಣ ರಂಧ್ರವನ್ನೂ ಹೋಸ್ ಕ್ಲಾಂಪುಗಳ ಅಂಚನ್ನೂ ಟಾರ್ಚ್ ಹಿಡಿದು ನೋಡುವುದು ಒಳ್ಳೆಯದು. ಹಿಂಭಾಗಕ್ಕೆ ಹೀಟರ್ ಇದ್ದ ವ್ಯಾನಾದರೆ ಅದಕ್ಕೆ ಕೂಲೆಂಟ್ ಒಯ್ಯುವ ಪೈಪು ನಿಮ್ಮ ಪ್ಲೈವುಡ್ಡಿನ ಅಡಿಯಲ್ಲೇ ಹಾದುಹೋಗಿರಬಹುದು. ಕಡಲ ಗಾಳಿಗೆ ಕಬ್ಬಿಣ ಎಷ್ಟು ಬೇಗ ತಿನ್ನಿಸಿಕೊಳ್ಳುತ್ತದೆಂದು ಕಾಸರಗೋಡಿನವರಿಗೆ ಹೇಳಬೇಕಾಗಿಲ್ಲ.

ಪ್ರಶ್ನೆ ಕೇಳಿದವರು

ಮರಳಿ ಬಂದಾಗ ಬಾಟಲಿ ಕಂಠದವರೆಗೆ ತುಂಬಿರುತ್ತದೆ, ಮರುದಿನ ಬೆಳಗ್ಗೆಯೂ ಹಾಗೆಯೇ ಇರುತ್ತದೆ. ಆಗ ಮೇಲಿನ ದಪ್ಪ ಹೋಸ್ ಚಪ್ಪಟೆಯಾಗಿ ಒಳಸೇರಿರುತ್ತದೆ. ರೇಡಿಯೇಟರಿಗೆ ಬಾವಿಯ ನೀರನ್ನೇ ತುಂಬುತ್ತಿದ್ದೇವೆ.

ಉತ್ತರ (ಉಪ್ಪಳದಿಂದ)

ಗ್ಯಾಸ್ಕೆಟ್ ಬಿಟ್ಟಿದ್ದರೂ ಉರಿದ ಅನಿಲ ಒಳನುಗ್ಗಿ ಕೂಲೆಂಟನ್ನು ಬಾಟಲಿಗೆ ತಳ್ಳುತ್ತದೆಯಲ್ಲವೇ? ಬಾಟಲಿ ತುಂಬಿದೆ ಎಂಬುದೊಂದರಿಂದಲೇ ಕ್ಯಾಪನ್ನು ದೂರುವುದು ಆತುರವಾದೀತು.

ಉತ್ತರ (ಮುಳ್ಳೇರಿಯದಿಂದ)

ಆಕ್ಷೇಪ ಸರಿಯಾದದ್ದೇ. ಆದರೆ ಅನಿಲ ಸೇರಿಕೊಂಡಿದ್ದರೆ ಹೋಸ್ ಬೆಳಗ್ಗೆಯೂ ಬಿಗಿಯಾಗಿ ಉಬ್ಬಿರುವ ಸಂಭವ ಹೆಚ್ಚು. ಇಲ್ಲಿ ಅದು ಒಳಸೇರಿರುವುದು ನಿರ್ವಾತದ ಗುರುತು. ಬಾಟಲಿಯ ಕೊಳವೆ ಒಡೆದಿದ್ದರೂ ಗಾಳಿ ಒಳಹೋಗಿ ಹೋಸ್ ದುಂಡಗೇ ಇರುತ್ತಿತ್ತು. ಹಾಗಾಗಿ ಕ್ಯಾಪಿನ ವಾಲ್ವ್ ಅಂಟಿದೆ, ಇಲ್ಲವೇ ಕೊಳವೆ ಕಟ್ಟಿದೆ ಎಂದೇ ನನ್ನ ಅಭಿಪ್ರಾಯ. ಕೊಳವೆಯನ್ನು ಊದಿ ನೋಡಿ, ಅದೇ ಒತ್ತಡದ ಹೊಸ ಕ್ಯಾಪ್ ಹಾಕಿ ಮತ್ತೊಮ್ಮೆ ಘಾಟಿ ಹತ್ತಿಸಿ. ಕ್ಯಾಪನ್ನು ಬಿಸಿಯಿರುವಾಗ ಮಾತ್ರ ತೆರೆಯಬೇಡಿ. ಆಗಲೂ ಕಡಿಮೆಯಾದರೆ, ರೇಡಿಯೇಟರಿನ ಬಾಯಿಯ ಗಾಳಿಯನ್ನು, ಉರಿದ ಅನಿಲ ತಗುಲಿದರೆ ಬಣ್ಣ ಬದಲಿಸುವ ನೀಲಿ ದ್ರಾವಣದ ಮೂಲಕ ಹಾಯಿಸಿ ಅದರ ಬಣ್ಣ ಬದಲಾಗುತ್ತದೆಯೇ ಎಂದು ಪರೀಕ್ಷಿಸದೆ ಹೆಡ್ ಬಿಚ್ಚಲು ಒಪ್ಪಬೇಡಿ.

ಮುರಕಲ್ಲಿನ ನೆಲದ ಬಾವಿಯ ನೀರು ಹಲವೆಡೆ ತುಸು ಹುಳಿಗುಣದ್ದು. ಅದನ್ನು ಸುರಿದಷ್ಟೂ ಕೂಲೆಂಟಿನಲ್ಲಿರುವ ತುಕ್ಕುನಿರೋಧಕ ತೆಳುವಾಗುತ್ತದೆ, ಆ ವಾಲ್ವನ್ನು ಅಂಟಿಸಿರುವುದೂ ಆ ತುಕ್ಕಿನ ಕೆಸರೇ ಇರಬಹುದು. ಎಲ್ಲವನ್ನೂ ಇಳಿಸಿ, ತೊಳೆದು, ಡಿಸ್ಟಿಲ್ಡ್ ವಾಟರಿನೊಂದಿಗೆ ಸಮಪಾಲು ಕೂಲೆಂಟ್ ಬೆರೆಸಿ ತುಂಬಿದ ಮೇಲೆಯೇ ಹೊಸ ಕ್ಯಾಪ್ ಹಾಕಿ.