ಟರ್ಬೊ ಸಿಯಲ್ಲಿ 8ರ ಫ್ಯಾಕ್ಟೋರಿಯಲ್ ಮೈನಸ್ ಬರ್ತಿದೆ, ಲೂಪ್ ತಪ್ಪಾ?

ಬಿಸಿಎ_ಫಸ್ಟ್‌ಸೆಮ್:
ಫ್ಯಾಕ್ಟೋರಿಯಲ್ (1ರಿಂದ ಆ ಸಂಖ್ಯೆವರೆಗಿನ ಎಲ್ಲದರ ಗುಣಲಬ್ಧ) ಪ್ರೋಗ್ರಾಂ 7ರವರೆಗೆ ಸರಿ, 5040 ಬರುತ್ತೆ. 8 ಕೊಟ್ಟರೆ -25216. ಅದೇ ಕೋಡ್ ಮನೆಯಲ್ಲಿ ಜಿಸಿಸಿಗೆ (ಈಗಿನ ಸಿ ಕಂಪೈಲರ್) ಹಾಕಿದರೆ 40320. ಲ್ಯಾಬ್‌ನಲ್ಲಿ ಡಾಸ್‌ಬಾಕ್ಸ್ (ಹಳೇ ಡಾಸ್ ಪ್ರೋಗ್ರಾಂ ಓಡಿಸೋ ಸಾಫ್ಟ್‌ವೇರ್) ಒಳಗೆ ಹಳೇ ಸಿ ಕಂಪೈಲರ್ ಟರ್ಬೊ ಸಿ ಇದೆ. ವೇರಿಯಬಲ್ ಟೈಪ್ ಇಂಟ್ (ಪೂರ್ಣಾಂಕ) ತೆಗೆದು ಲಾಂಗ್ (ದೊಡ್ಡ ಪೂರ್ಣಾಂಕ) ಹಾಕಿದೆ, ಆದರೂ ಅದೇ -25216. ಲೂಪ್‌ನಲ್ಲಿ ಏನು ತಪ್ಪಿದೆ ಹೇಳ್ತೀರಾ? ಶನಿವಾರ ಇಂಟರ್ನಲ್ಸ್ ಇದೆ ಸರ್.

ಮಲೆನಾಡು_ಕೋಡರ್:
ಲೂಪ್ ಮುಟ್ಟಬೇಡಿ, ಅದು ಸರಿ ಇದೆ. ಟರ್ಬೊ ಸಿಯಲ್ಲಿ ಇಂಟ್ ಅಂದ್ರೆ 2 ಬೈಟ್ (16 ಬಿಟ್), ಅಂದರೆ -32768ರಿಂದ 32767. ಜಿಸಿಸಿಯಲ್ಲಿ 4 ಬೈಟ್. 40320ನ್ನು 16 ಬಿಟ್‌ನಲ್ಲಿ ಬರೆದು ನೋಡಿ: 1001 1101 1000 0000. ಎಡತುದಿಯ ಬಿಟ್ 1 ಇರೋದರಿಂದ ಅದು ಮೈನಸ್ ಸಂಖ್ಯೆ ಅಂತ ಲೆಕ್ಕ. 40320ರಲ್ಲಿ 65536 ಕಳೆಯಿರಿ, -25216 ಸಿಗುತ್ತೆ.

ಲಾಂಗ್ ಹಾಕಿದ ಮೇಲೂ ಅದೇ ಬಂತು ಅಂದ್ರೆ ಪ್ರಿಂಟ್‌ಎಫ್‌ನಲ್ಲಿ ಇನ್ನೂ %ಡಿ (ಇಂಟ್ ಅಂತ ತೋರಿಸು ಅನ್ನೋ ಗುರುತು) ಉಳಿದಿರಬೇಕು. ಮೆಮೊರಿಯಲ್ಲಿ 40320 ಸರಿಯಾಗೇ ಇದೆ. %ಡಿ ಅದರ ಕೆಳಗಿನ 2 ಬೈಟ್ ಮಾತ್ರ ಓದುತ್ತೆ. ಲಾಂಗ್‌ಗೆ ಇರೋ %ಎಲ್‌ಡಿ ಮಾಡಿ.

ಲ್ಯಾಬ್_ಮೇಷ್ಟ್ರು:
ಇದರ ಜೊತೆ ಇನ್ನೊಂದು ನೋಡಿಕೊಳ್ಳಿ. ರಿಕರ್ಶನ್ (ಫಂಕ್ಷನ್ ತನ್ನನ್ನೇ ಕರೆಯೋದು) ಬಳಸಿ ಫಂಕ್ಷನ್ ಬರೆದಿದ್ದರೆ ಅದರ ರಿಟರ್ನ್ ಟೈಪ್ ಕೂಡ ಲಾಂಗ್ ಆಗಬೇಕು. ಇಂಟ್ ಅಂತಲೇ ಬಿಟ್ಟರೆ ವಾಪಸ್ ಬರುವಾಗ ಮತ್ತೆ 16 ಬಿಟ್‌ಗೆ ಕತ್ತರಿಸಿಹೋಗುತ್ತೆ. ಹಾಗೆಯೇ ಎರಡು ಇಂಟ್ ಗುಣಿಸಿ ಲಾಂಗ್‌ಗೆ ಹಾಕಿದರೂ ಪ್ರಯೋಜನವಿಲ್ಲ: ಗುಣಾಕಾರ ಇಂಟ್‌ನಲ್ಲೇ ನಡೆದು, ಕೆಟ್ಟ ಉತ್ತರ ದೊಡ್ಡ ಡಬ್ಬಿಗೆ ಹೋಗುತ್ತೆ, ಅಷ್ಟೇ. ಗುಣಿಸುವ ಮೊದಲೇ ಒಂದು ಕಡೆಯಾದರೂ ಲಾಂಗ್ ಇರಲಿ.

ಮೈನಸ್ ಕಂಡಿದ್ದಕ್ಕೆ ನಿಮಗೆ ಅನುಮಾನ ಬಂತು. ಹಳೆಯ ಇಂಟ್ ಕೋಡ್‌ಗೆ 10 ಕೊಟ್ಟಿದ್ದರೆ 24320 ಅಂತ ಪ್ಲಸ್‌ನಲ್ಲೇ ತಪ್ಪು ಉತ್ತರ ಬರ್ತಿತ್ತು. 18ರಿಂದ ಮುಂದೆ ಬರೀ 0, ಯಾಕಂದ್ರೆ 18ರ ಫ್ಯಾಕ್ಟೋರಿಯಲ್‌ನಲ್ಲಿ 2 ಅನ್ನೋ ಅಪವರ್ತನ 16 ಸಲ ಇದೆ, ಕೆಳಗಿನ 16 ಬಿಟ್ ಪೂರ್ತಿ ಸೊನ್ನೆ. ವೈವಾಗೆ ಒಳ್ಳೇ ಪ್ರಶ್ನೆ ಇದು!

ಬಿಸಿಎ_ಫಸ್ಟ್‌ಸೆಮ್:
%ಎಲ್‌ಡಿ ಮಾಡಿದೆ, 40320 ಬಂತು. ಥ್ಯಾಂಕ್ಸ್ ಸರ್. ಹಾಗಾದ್ರೆ ಜಿಸಿಸಿಯಲ್ಲಿ ಎಷ್ಟು ಕೊಟ್ಟರೂ ಇಂಟ್ ಸಾಕಾ?

ಮಲೆನಾಡು_ಕೋಡರ್:
ಇಲ್ಲ, 12ರವರೆಗೆ ಮಾತ್ರ (479001600). 13ಕ್ಕೆ ಸಾಮಾನ್ಯವಾಗಿ 1932053504 ತೋರಿಸುತ್ತೆ, ನಿಜವಾದ ಉತ್ತರ 6227020800. ಟರ್ಬೊ ಸಿಯ ಲಾಂಗ್ ಕೂಡ 4 ಬೈಟೇ, ಅದಕ್ಕೂ 12ರ ಮಿತಿ. ಜಿಸಿಸಿಯಲ್ಲಿ ಲಾಂಗ್ ಲಾಂಗ್ ಬಳಸಿದರೆ 20ರವರೆಗೆ ಹೋಗಬಹುದು, ಟರ್ಬೊ ಸಿಯಲ್ಲಿ ಆ ಟೈಪೇ ಇಲ್ಲ. ಡಬಲ್ (ದಶಮಾಂಶ ಸಂಖ್ಯೆಯ ಟೈಪ್) ಹಾಕಿದರೆ 170ರವರೆಗೆ ಉತ್ತರವೇನೋ ಬರುತ್ತೆ, ಆದರೆ ಮೊದಲ 15 ಅಂಕಿ ಬಿಟ್ಟು ಉಳಿದಿದ್ದನ್ನ ನಂಬೋ ಹಾಗಿಲ್ಲ.

ಲ್ಯಾಬ್_ಮೇಷ್ಟ್ರು:
ಇಂಟರ್ನಲ್ಸ್‌ಗೆ ಲಾಂಗ್ ಸಾಕು. ಇನ್‌ಪುಟ್ ಓದಿದ ಕೂಡಲೇ ಒಂದು ಇಫ್ ಹಾಕಿ: 0ಗಿಂತ ಕಮ್ಮಿ ಅಥವಾ 12ಕ್ಕಿಂತ ಜಾಸ್ತಿ ಇದ್ದರೆ ಮೆಸೇಜ್ ಕೊಟ್ಟು ನಿಲ್ಲಿಸಿ. 0 ಕೊಟ್ಟೂ ಒಮ್ಮೆ ಓಡಿಸಿ ನೋಡಿ, 1 ಬರಬೇಕು. ಕಸದ ಸಂಖ್ಯೆ ಬಂದರೆ ಗುಣಲಬ್ಧದ ವೇರಿಯಬಲ್‌ಗೆ ಮೊದಲು 1 ಹಾಕೋದನ್ನ ಬಿಟ್ಟಿದ್ದೀರಿ.